ವಾಲ್ಟರ್ ಸ್ಕಾಟ್: ಪತ್ರಿಕೆ ನಡೆಸುತ್ತಿದ್ದವರು ಪ್ರೀಮಿಯರ್ ಆದದ್ದು ಹೇಗೆ?

ಕಾದಂಬರಿ ಬರೆದ ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್ ಬೇರೆ, ಇವರು ಬೇರೆ. ಇವರ ಪೂರ್ತಿ ಹೆಸರು ಥಾಮಸ್ ವಾಲ್ಟರ್ ಸ್ಕಾಟ್. ಕೆನಡಾದ ಹುಲ್ಲುಗಾವಲು ಸೀಮೆಯ ಸಸ್ಕ್ಯಾಚೆವಾನ್ ಪ್ರಾಂತ್ಯಕ್ಕೆ ಮೊದಲ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ.

ಹುಟ್ಟಿದ್ದು 1867ರಲ್ಲಿ, ಒಂಟಾರಿಯೋದಲ್ಲಿ. 1885ರಲ್ಲಿ ಪಶ್ಚಿಮಕ್ಕೆ ಬಂದು ಮ್ಯಾನಿಟೋಬಾದ ಪೋರ್ಟೇಜ್ ಲಾ ಪ್ರೇರಿಯಲ್ಲಿ ಪ್ರೆಸ್ ಕೆಲಸ ಕಲಿತರು. ಮರುವರ್ಷ ರಿಜೈನಾ. 1894ರಲ್ಲಿ ಮೂಸ್ ಜಾ ಟೈಮ್ಸ್ ಪತ್ರಿಕೆ ಕೊಂಡರು, 1895ರಲ್ಲಿ ರಿಜೈನಾ ಲೀಡರ್ ಕೊಂಡರು. ಲೀಡರ್ ಮಾರಿದವರು ನಿಕೊಲಸ್ ಫ್ಲಡ್ ಡೇವಿನ್. 1883ರಲ್ಲಿ ಅದನ್ನು ಶುರು ಮಾಡಿದವರೂ ಅವರೇ, ಆ ಭಾಗದ ಕನ್ಸರ್ವೇಟಿವ್ ಸಂಸದರೂ ಅವರೇ. ಸ್ಕಾಟ್ ಲಿಬರಲ್. 1900ರ ಚುನಾವಣೆಯಲ್ಲಿ ಸ್ಕಾಟ್ ನಿಂತದ್ದು ಇದೇ ಡೇವಿನ್ ಎದುರು, ಗೆದ್ದದ್ದೂ ಅವರನ್ನೇ. ಪೇಪರನ್ನೂ ತಗೊಂಡರು, ಸೀಟನ್ನೂ ತಗೊಂಡರು. ಆಗ ಅಲ್ಲಿ ಪತ್ರಿಕೆ ಅಂದರೆ ಬಹುಪಾಲು ಒಂದು ಪಕ್ಷದ ದನಿಯೇ. ಸಂಪಾದಕರು ರಾಜಕೀಯಕ್ಕೆ ಇಳಿಯುವುದು ಯಾರಿಗೂ ಆಶ್ಚರ್ಯದ ಮಾತಾಗಿರಲಿಲ್ಲ.

ಇಲ್ಲಿಯವರೆಗೆ ಸಲೀಸು. ಮುಂದೆ ಎರಡು ಗಂಟುಗಳಿವೆ.

ಮೊದಲನೆಯದು ನಕ್ಷೆ. ಸ್ಕಾಟ್ ಸಂಸದರಾಗಿದ್ದದ್ದು ವೆಸ್ಟ್ ಅಸಿನಿಬೋಯಾ ಕ್ಷೇತ್ರಕ್ಕೆ. ಹಾಗಾದರೆ ಸಸ್ಕ್ಯಾಚೆವಾನ್‌ಗೆ ಹೇಗೆ ಪ್ರೀಮಿಯರ್ ಆದರು ಅಂತ ಪ್ರಶ್ನೆ ಬರುತ್ತದೆ ಅಲ್ವಾ? 1905ಕ್ಕೆ ಮುಂಚೆ ಇದೆಲ್ಲ ವಾಯವ್ಯ ಟೆರಿಟರಿಗಳು. ಒಟ್ಟಾವಾದ, ಅಂದರೆ ಕೆನಡಾದ ಕೇಂದ್ರ ಸರ್ಕಾರದ ಕೈಕೆಳಗಿನ ಪ್ರದೇಶ, ಪ್ರಾಂತ್ಯ ಅಲ್ಲ. ಅದರೊಳಗೆ ಜಿಲ್ಲೆಗಳು: ಅಸಿನಿಬೋಯಾ, ಸಸ್ಕ್ಯಾಚೆವಾನ್, ಆಲ್ಬರ್ಟಾ, ಅಥಬಾಸ್ಕಾ. ಆ ಹಳೆಯ ಸಸ್ಕ್ಯಾಚೆವಾನ್ ಜಿಲ್ಲೆ ಇದ್ದದ್ದು ಉತ್ತರಕ್ಕೆ, ಪ್ರಿನ್ಸ್ ಆಲ್ಬರ್ಟ್, ಬ್ಯಾಟಲ್‌ಫರ್ಡ್ ಕಡೆ. ರಿಜೈನಾ, ಮೂಸ್ ಜಾ ಎರಡೂ ಅಸಿನಿಬೋಯಾದಲ್ಲಿ. 1905ರಲ್ಲಿ ಈ ಜಿಲ್ಲೆಗಳನ್ನು ಕತ್ತರಿಸಿ ಸೇರಿಸಿ ಎರಡು ಪ್ರಾಂತ್ಯ ಮಾಡಿದರು. ಅಸಿನಿಬೋಯಾದ ದೊಡ್ಡ ಪಾಲು ಸಸ್ಕ್ಯಾಚೆವಾನ್ ಪ್ರಾಂತ್ಯಕ್ಕೆ ಬಂತು. ಹೆಸರು ಉತ್ತರದ ಜಿಲ್ಲೆಯದು, ರಾಜಧಾನಿ ರಿಜೈನಾ ದಕ್ಷಿಣದ ಜಿಲ್ಲೆಯದು. ಹಳೆಯ ಪುಸ್ತಕದಲ್ಲಿ ಸಸ್ಕ್ಯಾಚೆವಾನ್ ಅಂತ ಕಂಡರೆ ಮೊದಲು ಇಸವಿ ನೋಡಿ. 1905ಕ್ಕೆ ಹಿಂದಿನದಾದರೆ ಜಿಲ್ಲೆ, ಮುಂದಿನದಾದರೆ ಪ್ರಾಂತ್ಯ. ಇಷ್ಟು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ಎರಡನೆಯ ಗಂಟು ಇದಕ್ಕಿಂತ ಬಿಗಿ. ಹೊಸ ಪ್ರಾಂತ್ಯದ ಮೊದಲ ಪ್ರೀಮಿಯರ್ ಯಾರಾಗಬೇಕಿತ್ತು? ಎಲ್ಲರ ಬಾಯಲ್ಲಿದ್ದ ಹೆಸರು ಫ್ರೆಡರಿಕ್ ಹಾಲ್ಟೇನ್. ಟೆರಿಟರಿ ಸರ್ಕಾರ ನಡೆಸುತ್ತಿದ್ದವರು, ಪ್ರಾಂತ್ಯ ಬೇಕು ಅಂತ ವರ್ಷಗಟ್ಟಲೆ ಹೋರಾಡಿದವರು ಅವರೇ. ಆದರೂ ಅವರಿಗೆ ಸಿಗಲಿಲ್ಲ. ಯಾಕೆ?

ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ಉತ್ತರ ಕಾಣುತ್ತದೆ. 1905ರ ಸೆಪ್ಟೆಂಬರ್ 1ಕ್ಕೆ ಪ್ರಾಂತ್ಯ ಜಾರಿಗೆ ಬಂತು. ಸೆಪ್ಟೆಂಬರ್ 4ಕ್ಕೆ ರಿಜೈನಾದಲ್ಲಿ ಸಮಾರಂಭ. 12ಕ್ಕೆ ಸ್ಕಾಟ್ ಪ್ರೀಮಿಯರ್. ಚುನಾವಣೆ ನಡೆದದ್ದು ಡಿಸೆಂಬರ್ 13ಕ್ಕೆ! ಅಂದರೆ ಮೊದಲು ಸರ್ಕಾರ, ಆಮೇಲೆ ಓಟು.

ನಮ್ಮಲ್ಲಿ ರಾಜ್ಯಪಾಲರು ಸರ್ಕಾರ ರಚಿಸಲು ಒಬ್ಬರನ್ನು ಕರೆಯುತ್ತಾರಲ್ಲ, ಅದೇ ಪದ್ಧತಿ. ಆದರೆ ನಮ್ಮಲ್ಲಿ ಆ ಹೊತ್ತಿಗೆ ಗೆದ್ದ ಶಾಸಕರಿರುತ್ತಾರೆ, ತಲೆ ಎಣಿಸಬಹುದು. ಇಲ್ಲಿ ಎಣಿಸಲು ಶಾಸನಸಭೆಯೇ ಇರಲಿಲ್ಲ. ಲೆಫ್ಟಿನೆಂಟ್ ಗವರ್ನರ್ ಅಮೆಡೀ ಫರ್ಜೆ ಯಾರನ್ನು ಕರೆದರೆ ಅವರದೇ ಸರ್ಕಾರ. ಫರ್ಜೆಯನ್ನು ನೇಮಿಸಿದ್ದು ಒಟ್ಟಾವಾದ ಲಿಬರಲ್ ಪ್ರಧಾನಿ ಲೋರಿಯೆ ಸರ್ಕಾರ. ಹಾಲ್ಟೇನ್ ಟೆರಿಟರಿಯಲ್ಲಿ ಪಕ್ಷ ಬೇಡ ಅನ್ನುತ್ತಿದ್ದವರಾದರೂ, 1904ರ ಕೇಂದ್ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪರ ಪ್ರಚಾರ ಮಾಡಿದ್ದರು. ಎರಡು ಪ್ರಾಂತ್ಯ ಬೇಡ, ಒಂದೇ ದೊಡ್ಡ ಪ್ರಾಂತ್ಯ ಸಾಕು ಅಂದಿದ್ದರು. ಶಾಲೆ, ಭೂಮಿ ಎರಡೂ ಪ್ರಾಂತ್ಯದ ಕೈಲೇ ಇರಬೇಕು ಅಂತ ಪಟ್ಟು ಹಿಡಿದಿದ್ದರು. ಇಂಥವರನ್ನು ಲೋರಿಯೆ ಕಡೆಯವರು ಕರೆಯುತ್ತಾರೆಯೇ? ಆಗಸ್ಟ್‌ನಲ್ಲೇ ಲಿಬರಲ್ಲರು ಸ್ಕಾಟ್ ಅವರನ್ನು ನಾಯಕ ಮಾಡಿಕೊಂಡು ತಯಾರಾಗಿದ್ದರು. ಆಲ್ಬರ್ಟಾದಲ್ಲೂ ಇದೇ ದಾರಿ, ಅಲ್ಲಿ ಲಿಬರಲ್ ಪಕ್ಷದ ರುದರ್‌ಫರ್ಡ್‌ಗೆ ಕರೆ ಹೋಯಿತು.

ಕುರ್ಚಿಯಲ್ಲಿ ಕೂತು ಚುನಾವಣೆಗೆ ಹೋಗುವುದು ಎಷ್ಟು ಅನುಕೂಲ ಅಂತ ಬಿಡಿಸಿ ಹೇಳಬೇಕಿಲ್ಲ. 25 ಸೀಟಿನಲ್ಲಿ ಲಿಬರಲ್ 16, ಹಾಲ್ಟೇನ್ ಅವರ ಪ್ರಾಂತೀಯ ಹಕ್ಕುಗಳ ಪಕ್ಷ 9. ಬರೀ ನೇಮಕದ ಬಲ ಅನ್ನುವುದೂ ತಪ್ಪಾಗುತ್ತದೆ, ಯಾಕೆಂದರೆ 1908, 1912ರಲ್ಲೂ ಸ್ಕಾಟ್ ಗೆದ್ದರು. ಭೂಮಿಯ ಒಡೆತನ ಮಾತ್ರ ಒಟ್ಟಾವಾ ಬಳಿಯೇ ಉಳಿಯಿತು, ಬದಲಿಗೆ ವರ್ಷವರ್ಷ ಹಣ. ಆ ಹಕ್ಕು ಪ್ರಾಂತ್ಯಕ್ಕೆ ಬಂದದ್ದು 1930ರಲ್ಲಿ. ಈ ಒಂದು ವಿಷಯದಲ್ಲಿ ಹಾಲ್ಟೇನ್ ವಾದವೇ ಸರಿ ಅಂತ ನನಗನ್ನಿಸುತ್ತದೆ.

ಆಡಳಿತದ ಕೆಲಸ ಬೇಗ ಮುಗಿಸುತ್ತೇನೆ. 1907ರಲ್ಲಿ ವಿಶ್ವವಿದ್ಯಾಲಯದ ಕಾಯ್ದೆ, 1911ರಲ್ಲಿ ರೈತರ ಸಹಕಾರಿ ಎಲಿವೇಟರ್ ಕಂಪನಿ (ಗೋಧಿ ತುಂಬಿಡುವ ಎತ್ತರದ ಕಣಜಗಳು), 1916ರ ಮಾರ್ಚ್‌ನಲ್ಲಿ ಹೆಂಗಸರಿಗೆ ಮತದಾನದ ಹಕ್ಕು. ನನಗೆ ಇಷ್ಟವಾದದ್ದು ಶಾಸನಸಭೆಯ ಕಟ್ಟಡ. ಮೊದಲು ಕೆಂಪು ಇಟ್ಟಿಗೆ ಅಂತಿತ್ತು. ಕೆಲಸ ಶುರುವಾದ ಮೇಲೆ ಸ್ಕಾಟ್ ಅದನ್ನು ಬದಲಾಯಿಸಿ ಮ್ಯಾನಿಟೋಬಾದ ಟಿಂಡಲ್ ಕಲ್ಲು ಹಾಕಿಸಿದರು. ತಿಳಿ ಬಣ್ಣದ ಸುಣ್ಣದಕಲ್ಲು. ಹತ್ತಿರ ಹೋಗಿ ನೋಡಿದರೆ ಮೈತುಂಬ ಹಳೆಯ ಸಮುದ್ರಜೀವಿಗಳ ಪಳೆಯುಳಿಕೆ ಕಾಣುತ್ತದೆ. ಸಮುದ್ರದಿಂದ ಅಷ್ಟು ದೂರದ ಬಯಲಲ್ಲಿ!

ಕೊನೆಯ ವರ್ಷಗಳು ಕಷ್ಟದವು. ಸ್ಕಾಟ್‌ಗೆ ತೀವ್ರ ಖಿನ್ನತೆ ಇತ್ತು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬೆಚ್ಚನೆಯ ಊರುಗಳಿಗೆ ಹೋಗಿಬಿಡುತ್ತಿದ್ದರು, ಇಲ್ಲಿ ಮಂತ್ರಿ ಕಾಲ್ಡರ್ ಸರ್ಕಾರ ನೋಡಿಕೊಳ್ಳುತ್ತಿದ್ದರು. ಶಾಲೆಗಳ ವಿಷಯದಲ್ಲಿ ರಿಜೈನಾದ ನಾಕ್ಸ್ ಚರ್ಚಿನ ಪಾದ್ರಿ ಮರ್ಡಾಕ್ ಮೆಕಿನನ್ ಜೊತೆ ಬಹಿರಂಗ ಜಗಳವೇ ಆಯಿತು. 1916ರ ಅಕ್ಟೋಬರ್‌ನಲ್ಲಿ ಅಧಿಕಾರ ಬಿಟ್ಟರು. ಅವರ ಜಾಗಕ್ಕೆ ವಿಲಿಯಂ ಮಾರ್ಟಿನ್ ಬಂದರು. ಸ್ಕಾಟ್ ತೀರಿಕೊಂಡದ್ದು 1938ರಲ್ಲಿ, ಒಂಟಾರಿಯೋದ ಗ್ವೆಲ್ಫ್‌ನಲ್ಲಿ.

ಹಾಲ್ಟೇನ್ ಕತೆ ಏನಾಯಿತು ಅಂತ ಕೇಳಬಹುದು. 1912ರವರೆಗೆ ವಿರೋಧ ಪಕ್ಷದಲ್ಲಿ ಕೂತಿದ್ದು, ಆಮೇಲೆ ಅದೇ ಪ್ರಾಂತ್ಯದಲ್ಲಿ ಮುಖ್ಯ ನ್ಯಾಯಾಧೀಶರಾದರು.