ಗುಲಾಮ ಮಕ್ಕಳ ಕಥೆಯನ್ನು ಯಾರ ಬಾಯಿಂದ ಕೇಳಬೇಕು?

1761ರಲ್ಲಿ ಬಾಸ್ಟನ್ ಬಂದರಿಗೆ ಗುಲಾಮರನ್ನು ಹೊತ್ತ ಹಡಗೊಂದು ಬಂತು. ಅದರಿಂದ ಇಳಿದ ಹುಡುಗಿಯೊಬ್ಬಳ ಮುಂದಿನ ಹಾಲುಹಲ್ಲು ಬಿದ್ದಿದ್ದವು. ಅದನ್ನು ನೋಡಿಯೇ ಅವಳಿಗೆ ಏಳು ವರ್ಷ ಇರಬಹುದೆಂದು ಲೆಕ್ಕ ಹಾಕಿದರು. ಹಡಗಿನ ಹೆಸರು ಫಿಲಿಸ್, ಅದನ್ನೇ ಅವಳಿಗೂ ಇಟ್ಟರು. ಕೊಂಡ ಮನೆತನದ ಹೆಸರು ವೀಟ್ಲಿ. 1773ರಲ್ಲಿ ಫಿಲಿಸ್ ವೀಟ್ಲಿಯ ಕವನ ಸಂಕಲನ ಲಂಡನ್ನಿನಲ್ಲಿ ಅಚ್ಚಾಯಿತು. ಆದರೆ ತನ್ನನ್ನು ಹೆತ್ತವರಿಂದ ಕಿತ್ತು ತಂದ ಸಂಕಟದ ಬಗ್ಗೆ ಅವಳ ಕವಿತೆಗಳಲ್ಲಿ ಸಿಗುವುದು ಕೆಲವೇ ಸಾಲು.

ಬರೆಯಬಲ್ಲವಳ ಪಾಡೇ ಇದಾದರೆ ಉಳಿದ ಮಕ್ಕಳದ್ದೇನು? ದಕ್ಷಿಣ ಕೆರೊಲಿನಾ 1740ರಲ್ಲಿ ಗುಲಾಮರಿಗೆ ಬರವಣಿಗೆ ಕಲಿಸುವುದನ್ನೇ ಕಾನೂನು ಮಾಡಿ ನಿಷೇಧಿಸಿತು. ಹಾಗಾಗಿ ಈ ಮಕ್ಕಳು ದಾಖಲೆಗಳಲ್ಲಿ ಕಾಣುವುದು ಹೆಚ್ಚಾಗಿ ಮಾರಾಟದ ಜಾಹೀರಾತುಗಳಲ್ಲಿ, ಒಡೆಯರ ಆಸ್ತಿ ಪಟ್ಟಿಗಳಲ್ಲಿ. ಅವರ ಮನಸ್ಸಿನೊಳಗೆ ಇಳಿಯಲು ಇಂದಿನ ಓದುಗರಿಗೆ ಉಳಿದಿರುವ ದಾರಿ ಕಾದಂಬರಿ. ಹದಿಹರೆಯದವರಿಗಾಗಿ ಅಮೆರಿಕದಲ್ಲಿ ಬಂದ ಇಂಥ ಕಾದಂಬರಿಗಳ ಸುತ್ತ ಏಳು ದಶಕಗಳಿಂದ ಜಗಳ ನಡೆದೇ ಇದೆ.

ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕವನ್ನು 1951ರಲ್ಲಿ ಪಡೆದ ಎಲಿಜಬೆತ್ ಯೇಟ್ಸ್ ಅವರ ‘ಏಮಸ್ ಫಾರ್ಚೂನ್, ಫ್ರೀ ಮ್ಯಾನ್’ ನಿಜವಾಗಿ ಬದುಕಿದ್ದ ಮನುಷ್ಯನ ಕಥೆ. ಚರ್ಮ ಹದ ಮಾಡುತ್ತಿದ್ದ ಏಮಸ್, ಅರವತ್ತರ ಆಸುಪಾಸಿನಲ್ಲಿ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡವನು. ಅಂಥವನನ್ನು ಕಾದಂಬರಿ ತಾಳ್ಮೆಯ, ಕೃತಜ್ಞತೆಯ ಮೂರ್ತಿಯಾಗಿಸಿತು. ಒಡೆಯರು ಒಳ್ಳೆಯವರಾಗಿದ್ದರೆ ಗುಲಾಮಗಿರಿ ಸಹ್ಯ ಎಂಬ ಭಾವನೆ ಅದರ ತುಂಬ ಹರಡಿದೆ ಎಂದು ಮುಂದಿನ ತಲೆಮಾರಿನ ವಿಮರ್ಶಕರು ಆಕ್ಷೇಪಿಸಿದರು. ಅವರ ಮಾತು ಸರಿ ಎಂದೇ ನನ್ನ ನಂಬಿಕೆ. ಆ ಕಾಲದ ಕಪಾಟಿನಲ್ಲಿ ಕಪ್ಪು ಮಕ್ಕಳು ಇದ್ದದ್ದೇ ವಿರಳ. 1962ರಿಂದ 64ರವರೆಗೆ ಹೊರಬಂದ 5,206 ಮಕ್ಕಳ ಪುಸ್ತಕಗಳನ್ನು ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ ಪರಿಶೀಲಿಸಿದಾಗ, ಕಪ್ಪು ಅಮೆರಿಕನ್ನರು ಒಬ್ಬರಾದರೂ ಕಾಣಿಸಿಕೊಂಡದ್ದು ಶೇ 6.7ರಷ್ಟರಲ್ಲಿ ಮಾತ್ರ. 1965ರ ಅವರ ಲೇಖನ ದೊಡ್ಡ ಸದ್ದು ಮಾಡಿತು.

1974ರ ನ್ಯೂಬೆರಿ ಪಡೆದ ಪೌಲಾ ಫಾಕ್ಸ್ ಅವರ ‘ದಿ ಸ್ಲೇವ್ ಡ್ಯಾನ್ಸರ್’ 1840ರ ಕಥೆ. ನ್ಯೂ ಆರ್ಲಿಯನ್ಸ್‌ನ ಬಿಳಿಯ ಹುಡುಗನೊಬ್ಬನನ್ನು ಎಳೆದೊಯ್ದು ಗುಲಾಮರನ್ನು ಸಾಗಿಸುವ ಹಡಗಿನಲ್ಲಿ ಕೊಳಲು ಊದಿಸುತ್ತಾರೆ. ಸಂಕೋಲೆಯಲ್ಲಿರುವವರು ಆ ಕೊಳಲಿಗೆ ಕುಣಿಯಬೇಕು, ಏಕೆಂದರೆ ಮೈಕೈ ಆಡದೆ ಸೊರಗಿದರೆ ಮಾರುಕಟ್ಟೆಯಲ್ಲಿ ಬೆಲೆ ಬರುವುದಿಲ್ಲ. ಹಡಗಿನ ಕ್ರೌರ್ಯವನ್ನು ಇಲ್ಲಿ ಮುಚ್ಚಿಟ್ಟಿಲ್ಲ. ಆದರೂ ನಾವು ಹೊಕ್ಕುವುದು ಕೊಳಲು ಹಿಡಿದವನ ಮನಸ್ಸನ್ನು. ಕುಣಿಯುವವರು ನಮಗೆ ದೂರದ ಗುಂಪಾಗಿಯೇ ಉಳಿಯುತ್ತಾರೆ. ಪದಕ ಬಂದಾಗ ಎದ್ದ ಪ್ರತಿಭಟನೆಗೆ ಇದೂ ಒಂದು ಕಾರಣ.

1991ರಲ್ಲಿ ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಸರ್ಕಾರಿ ಕಟ್ಟಡಕ್ಕೆ ಪಾಯ ತೆಗೆಯುವಾಗ ವಸಾಹತು ಕಾಲದ ಆಫ್ರಿಕನ್ನರ ಸ್ಮಶಾನ ಸಿಕ್ಕಿತು. 419 ಜನರ ಅವಶೇಷ ಹೊರತೆಗೆದರು, ಅವರಲ್ಲಿ ಮಕ್ಕಳೇ ಬಹಳ. ಗುಲಾಮಗಿರಿ ದಕ್ಷಿಣದ ಹತ್ತಿ ಹೊಲಗಳಿಗಷ್ಟೇ ಸೇರಿದ್ದೆಂಬ ನಂಬಿಕೆ ಅಲುಗಾಡಿತು. 2008ರಲ್ಲಿ ಬಂದ ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಚೈನ್ಸ್’ ನಡೆಯುವುದು 1776ರ ನ್ಯೂಯಾರ್ಕ್‌ನಲ್ಲಿಯೇ. ಊರೆಲ್ಲ ಸ್ವಾತಂತ್ರ್ಯದ ಮಾತಾಡುತ್ತಿರುವಾಗ ಹದಿಮೂರರ ಇಸಾಬೆಲ್‌ಳ ಕೆನ್ನೆಗೆ ಕಾದ ಕಬ್ಬಿಣದಿಂದ ಬರೆ ಹಾಕುತ್ತಾರೆ. ಕಥೆ ಹೇಳುವವಳು ಅವಳೇ. ಲೇಖಕಿ ಬಿಳಿಯರು ಎಂಬುದನ್ನು ಮರೆಯಬೇಕಿಲ್ಲ, ಆದರೆ ಪ್ರತಿ ಅಧ್ಯಾಯದ ತಲೆಯಲ್ಲಿ ಅಂದಿನ ದಾಖಲೆಯ ತುಣುಕೊಂದನ್ನು ಇಟ್ಟು ಅವರು ಓದುಗರಿಗೆ ಪುರಾವೆ ಒದಗಿಸಿದ್ದಾರೆ.

ನನಗೆ ಹೆಚ್ಚು ಹತ್ತಿರವಾದದ್ದು ಕಪ್ಪು ಲೇಖಕಿ ಶರನ್ ಡ್ರೇಪರ್ ಅವರ ‘ಕಾಪರ್ ಸನ್’ (2006). ಆಫ್ರಿಕಾದ ಹಳ್ಳಿಯಿಂದ ಕೆರೊಲಿನಾಕ್ಕೆ ಸಾಗಿಸಲ್ಪಟ್ಟ ಹದಿನೈದರ ಅಮಾರಿ ಫೋರ್ಟ್ ಮೋಸೆಯ ಕಡೆಗೆ ಓಡುತ್ತಾಳೆ. ಬ್ರಿಟಿಷರ ತೋಟಗಳಿಂದ ತಪ್ಪಿಸಿಕೊಂಡು ಬಂದವರಿಗಾಗಿ ಫ್ಲೋರಿಡಾದ ಸ್ಪ್ಯಾನಿಷ್ ಆಡಳಿತ 1738ರಲ್ಲಿ ಕಟ್ಟಿಸಿದ ನೆಲೆ ಅದು. ಓದುವಾಗ ನಮ್ಮ ಸಿದ್ದಿಯರು ನೆನಪಾದರು. ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕನ್ನರಲ್ಲಿ ಎಷ್ಟೋ ಜನ ಗಡಿ ದಾಟಿ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ಅವರ ಸಂತತಿ ಇಂದಿಗೂ ಇದೆ. ಆ ಓಟವನ್ನು ಒಬ್ಬ ಸಿದ್ದಿ ಹುಡುಗಿಯ ಬಾಯಲ್ಲಿ ಕನ್ನಡದಲ್ಲಿ ಓದುವ ಆಸೆ ನನಗೆ ಬಹಳ ಇದೆ.

ಜಗಳ ಮುಗಿದಿಲ್ಲ. 2016ರ ಜನವರಿಯಲ್ಲಿ ಪುಟಾಣಿಗಳ ಚಿತ್ರಪುಸ್ತಕವೊಂದನ್ನು ಪ್ರಕಾಶಕರು ವಾಪಸು ಪಡೆದರು. ಅದರಲ್ಲಿ ಜಾರ್ಜ್ ವಾಷಿಂಗ್ಟನ್ನರ ಹುಟ್ಟುಹಬ್ಬಕ್ಕೆ ಅವರ ಗುಲಾಮ ಅಡುಗೆಯವ ಹರ್ಕ್ಯುಲಸ್ ಮತ್ತು ಅವನ ಮಗಳು ಡೀಲಿಯಾ ನಗುನಗುತ್ತ ಕೇಕ್ ಮಾಡುತ್ತಾರೆ. 2023ರಲ್ಲಿ ಫ್ಲೋರಿಡಾದ ಶಾಲಾ ಪಠ್ಯಸೂಚಿ, ಗುಲಾಮರು ಕಲಿತ ಕಸುಬುಗಳು ಕೆಲವೊಮ್ಮೆ ಅವರ ಸ್ವಂತ ಲಾಭಕ್ಕೂ ಒದಗಿದವು ಎಂದು ಹೇಳಿಸಲು ಹೊರಟಿತು.

ಹರ್ಕ್ಯುಲಸ್ ನುರಿತ ಬಾಣಸಿಗ. ಅಧ್ಯಕ್ಷರ ಅಡುಗೆಮನೆಯಲ್ಲಿ ಉಳಿದದ್ದನ್ನು ಮಾರಿ ಕೈತುಂಬ ಕಾಸು ಮಾಡಿ, ಒಳ್ಳೆಯ ಬಟ್ಟೆ ತೊಟ್ಟು ಫಿಲಡೆಲ್ಫಿಯಾದ ಬೀದಿಯಲ್ಲಿ ಓಡಾಡುತ್ತಿದ್ದವನು. ಕಸುಬಿನಿಂದ ಅಷ್ಟು ಲಾಭ ಪಡೆದವನೂ ತಪ್ಪಿಸಿಕೊಂಡು ಹೋದ. ಹೋದದ್ದು 1797ರ ಫೆಬ್ರವರಿ 22ರಂದು, ವಾಷಿಂಗ್ಟನ್ನರ ಹುಟ್ಟುಹಬ್ಬದ ದಿನವೇ. ವಾಷಿಂಗ್ಟನ್ನರ ಉಯಿಲಿನಂತೆ 1801ರಲ್ಲಿ ಕಾನೂನು ಅವನನ್ನು ಬಿಡುಗಡೆ ಮಾಡಿತು. ಅವನ ಮಕ್ಕಳಿಗೆ ಆ ಬಿಡುಗಡೆ ಸಿಗಲಿಲ್ಲ. ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರೇ ಎಂದು ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ಡೀಲಿಯಾಳ ತಾಯಿ ವಾಷಿಂಗ್ಟನ್ನರ ಹೆಂಡತಿಯ ಮೊದಲ ಗಂಡನ ಎಸ್ಟೇಟಿಗೆ ಸೇರಿದವಳಾದ್ದರಿಂದ, ಮಗಳೂ ಆ ಎಸ್ಟೇಟಿನ ವಾರಸುದಾರರ ಪಾಲಾದಳು.