ಎತ್ತಲಾಗದ ತೋಳು, ಎತ್ತಿದರೂ ಏಳದ ತೋಳು

ಭುಜ ನೋವು ಎನ್ನುವವರು ಸಾಮಾನ್ಯವಾಗಿ ಕೈಯಿಟ್ಟು ತೋರಿಸುವುದು ರಟ್ಟೆಯ ಹೊರಭಾಗವನ್ನು, ಭುಜದ ತುದಿಯಿಂದ ನಾಲ್ಕು ಬೆರಳು ಕೆಳಗೆ. ಅಲ್ಲಿ ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ; ತೊಂದರೆ ಇರುವುದು ಮೇಲೆ, ಕೀಲಿನ ಬಳಿ. ಕುತ್ತಿಗೆಗೂ ಭುಜಕ್ಕೂ ನಡುವಿನ ಮಾಂಸಖಂಡ ಹಿಡಿದು ತೋರಿಸಿದರೆ ಮೊದಲು ಕುತ್ತಿಗೆಯನ್ನೇ ನೋಡಬೇಕು.

ಭುಜದ ಕೀಲಿನಲ್ಲಿ ತೋಳುಮೂಳೆಯ ದುಂಡುತಲೆ ದೊಡ್ಡದು, ಹೆಗಲಮೂಳೆಯ ಗುಳಿ ತಟ್ಟೆಯಂತೆ ಚಪ್ಪಟೆ. ತಲೆಯ ಮೂರನೇ ಒಂದು ಭಾಗವೂ ಗುಳಿಗೆ ತಾಗಿರುವುದಿಲ್ಲ. ಕೈ ಎಲ್ಲ ದಿಕ್ಕಿಗೂ ತಿರುಗುವುದು, ಬಿದ್ದಾಗ ಕೀಲು ಮುಂದಕ್ಕೆ ಜಾರುವುದು, ಎರಡೂ ಇದರಿಂದಲೇ. ತಲೆಯನ್ನು ಗುಳಿಯ ನಡುವೆ ಹಿಡಿದಿಡುವುದು ರೊಟೇಟರ್ ಕಫ್‌ನ 4 ಸ್ನಾಯುಗಳು. ಅವುಗಳಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಸುಪ್ರಾಸ್ಪೈನೇಟಸ್. ಭುಜದ ತುದಿಯಲ್ಲಿ ಕೈಗೆ ಸಿಗುವ ಗಟ್ಟಿ ಮೂಳೆಯ ಅಡಿಯಲ್ಲಿ, ಸುಮಾರು 1 ಸೆಂ.ಮೀ. ಸಂದಿನಲ್ಲಿ ಅದರ ರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಹಾದುಹೋಗುತ್ತದೆ. ಅದು ಕೆಟ್ಟಾಗ ಕೈಯನ್ನು ಪಕ್ಕಕ್ಕೆ ಎತ್ತುತ್ತ ಹೋದರೆ 60ರಿಂದ 120 ಡಿಗ್ರಿಯ ನಡುವೆ ಚುಚ್ಚುತ್ತದೆ, ಅದನ್ನು ದಾಟಿದರೆ ಹಗುರ. ಆ ಮಗ್ಗುಲಿಗೆ ಮಲಗಲಾಗದು. ಮೂಳೆ ಉಜ್ಜಿ ಹೀಗಾಗುತ್ತದೆ ಎಂಬುದು ಅರ್ಧ ಸತ್ಯ. ರಜ್ಜು ತಾನೇ ಸವೆದು ದುರ್ಬಲವಾಗುವುದೇ ಹೆಚ್ಚು.

ಫ್ರೋಜನ್ ಶೋಲ್ಡರ್ ಬೇರೆಯೇ ಜಾತಿ. ಅಲ್ಲಿ ಕೀಲನ್ನು ಸುತ್ತಿದ ಚೀಲವೇ ದಪ್ಪಗಾಗಿ ಕುಗ್ಗಿರುತ್ತದೆ. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ ಜಾಸ್ತಿ. ರಜ್ಜಿನ ತೊಂದರೆ ಯಾವುದು, ಫ್ರೋಜನ್ ಶೋಲ್ಡರ್ ಯಾವುದು ಎಂದು ಬೇರ್ಪಡಿಸಲು ಸ್ಕ್ಯಾನ್‌ಗಿಂತ ಮೊದಲು ಹೀಗೆ ಮಾಡಿ: ಕೂತು ಎರಡೂ ಮೊಣಕೈಯನ್ನು ಪಕ್ಕೆಗೆ ಒತ್ತಿ 90 ಡಿಗ್ರಿ ಮಡಿಸಿ, ಕೈ ಸಡಿಲ ಬಿಡಿ. ಇನ್ನೊಬ್ಬರು ಮಣಿಕಟ್ಟು ಹಿಡಿದು ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಲಿ. ಸರಿಯಿರುವ ಕೈ ಬಾಗಿಲು ತೆರೆದಂತೆ ಹೋಗುತ್ತದೆ. ಚೀಲ ಬಿಗಿದ ಕೈ ಅರ್ಧದಲ್ಲೇ, ಅಗುಳಿ ಹಾಕಿದಂತೆ ನಿಲ್ಲುತ್ತದೆ. ರಜ್ಜಿನ ತೊಂದರೆಯಲ್ಲಿ ನೋವಿದ್ದರೂ ಇನ್ನೊಬ್ಬರು ತಿರುಗಿಸಿದರೆ ತಿರುಗುತ್ತದೆ. ಬಿದ್ದ ಮೇಲೆ ಅಥವಾ ಫಿಟ್ಸ್ ಬಂದ ಮೇಲೆ ಹೀಗೆ ಬಿಗಿದಿದ್ದರೆ ಕೈ ಮುಟ್ಟದೆ ಎಕ್ಸ್-ರೇ ತೆಗೆಸಿ. ಕೀಲು ಹಿಂದಕ್ಕೆ ಜಾರಿರಬಹುದು.

ಚಿಕಿತ್ಸೆಯೂ ಬೇರೆ ಬೇರೆ. ರಜ್ಜಿಗೆ ಬೇಕಾದ್ದು ಸ್ವಲ್ಪಸ್ವಲ್ಪವೇ ಭಾರ ಹೆಚ್ಚಿಸುವ ವ್ಯಾಯಾಮ, ಕನಿಷ್ಠ 12 ವಾರ. ಎರಡೇ ವಾರಕ್ಕೆ ಬಿಟ್ಟವರು ವ್ಯಾಯಾಮವನ್ನು ದೂರುತ್ತಾರೆ. ಫ್ರೋಜನ್ ಶೋಲ್ಡರ್‌ನ ನೋವಿನ ಹಂತದಲ್ಲಿ ಜಗ್ಗಿ ಎಳೆದರೆ ಕೆರಳುತ್ತದೆ. ಮುಂದಕ್ಕೆ ಬಾಗಿ ಕೈಯನ್ನು ಲೋಲಕದಂತೆ ತೂಗಿದರೆ ಸಾಕು. ಸ್ಟೀರಾಯ್ಡ್ ಇಂಜೆಕ್ಷನ್ ಆರಂಭದಲ್ಲೇ ಹೆಚ್ಚು ಉಪಯುಕ್ತ, ಆದರೆ ಸಕ್ಕರೆ ಕಾಯಿಲೆಯವರಲ್ಲಿ ಕೆಲದಿನ ಸಕ್ಕರೆ ಏರುತ್ತದೆ.

ಕೈಯನ್ನು ಹೇಗೆ ಆಡಿಸಿದರೂ ನೋವು ಹೆಚ್ಚೂ ಆಗದೆ ಕಡಿಮೆಯೂ ಆಗದಿದ್ದರೆ ಮೂಲ ಭುಜದಲ್ಲಿಲ್ಲ ಎಂದೇ ಅನುಮಾನಿಸಿ. ಪಿತ್ತಕೋಶ ಕೆರಳಿದರೂ ಬಲಭುಜದ ತುದಿ ನೋಯಬಹುದು. ಭುಜ ನೋವಿನ ಜೊತೆಗೆ ಎದೆ ಬಿಗಿತ, ಬೆವರು ಇದ್ದರೆ ಹೃದಯದ ತೊಂದರೆ ಇರಬಹುದು; ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.