ಚಿಲಕ ಬೆವರಿದ ರಾತ್ರಿ

ಡಿಸೆಂಬರಿನ ಬೆಳಗಿನ ಜಾವ, ಮೇಲುಕೋಟೆ ಹತ್ತಿರ. ನಮ್ಮ ಪುಟ್ಟ ಟ್ರೇಲರ್ ಒಳಗೆ ಇಬ್ಬರು ಮಲಗಿದ್ದೆವು. ಮಗ್ಗುಲು ಬದಲಿಸಿದಾಗ ಮೊಣಕೈಗೆ ತಣ್ಣಗೆ ಒದ್ದೆ ತಗುಲಿತು. ಮಳೆ ಅಂದುಕೊಂಡು ಹೊರಗೆ ಇಣುಕಿದರೆ ಆಕಾಶದ ತುಂಬಾ ನಕ್ಷತ್ರ. ಟಾರ್ಚ್ ಹಾಕಿ ನೋಡಿದೆ. ಬಾಗಿಲಿನ ಕಬ್ಬಿಣದ ಚಿಲಕದ ಮೇಲೆ ಹನಿಗಳು ಸಾಲಾಗಿ ನಿಂತಿದ್ದವು.

ಟ್ರೇಲರ್ ಅಂದರೆ ದೊಡ್ಡದೇನಲ್ಲ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಇಬ್ಬರು ಮಲಗುವಷ್ಟು ಜಾಗದ ಮರದ ಪೆಟ್ಟಿಗೆ. 1930ರ ದಶಕದಲ್ಲೇ ಅಮೆರಿಕದಲ್ಲಿ ಜನ ಇಂಥವನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು. ನಮ್ಮದು ತಯಾರಾಗಿದ್ದು ಮಂಡ್ಯದ ಗೆಳೆಯನ ಶೆಡ್ಡಿನಲ್ಲಿ. ಗೋಡೆ, ಸೂರು ಸಲೀಸಾಗಿ ಮುಗಿದವು. ಸತಾಯಿಸಿದ್ದು ಬಾಗಿಲು.

ಮೊದಲು 6 ಮಿಲಿಮೀಟರ್ ಪ್ಲೈವುಡ್ಡಿನ ಒಂದೇ ಹಲಗೆ ಕತ್ತರಿಸಿದೆವು. ಎರಡಡಿ ಅಗಲ, ಮೂರಡಿ ಎತ್ತರ. ಮೂಲೆ ಹಿಡಿದು ಎತ್ತಿದರೆ ಹಸಿ ಹಪ್ಪಳದ ಹಾಗೆ ಬಳುಕಿತು. ಆಮೇಲೆ 3 ಮಿಲಿಮೀಟರಿನ ಎರಡು ಹಾಳೆ ತಂದು, ನಡುವೆ 25 ಮಿಲಿಮೀಟರ್ ಥರ್ಮೋಕೋಲ್ ಇಟ್ಟು ಅಂಟಿಸಿದೆವು. ಮರ ಅಷ್ಟೇ, ತೂಕ ಹೆಚ್ಚೂಕಡಿಮೆ ಅಷ್ಟೇ. ಆದರೆ ಲೆಕ್ಕದ ಪ್ರಕಾರ ಬಾಗದೆ ನಿಲ್ಲುವ ಗಡಸುತನ 60 ಪಟ್ಟಿಗಿಂತ ಜಾಸ್ತಿ! ಹಲಗೆ ಬಾಗುವಾಗ ಒಂದು ಮೈ ಹಿಗ್ಗಬೇಕು, ಇನ್ನೊಂದು ಕುಗ್ಗಬೇಕು. ಎರಡು ಮೈಗಳನ್ನು ದೂರ ಇಟ್ಟಷ್ಟೂ ಇದು ಕಷ್ಟ. ಥರ್ಮೋಕೋಲ್ ಮೆತ್ತಗಿರುವುದರಿಂದ ಅಷ್ಟೂ ಲಾಭ ಕೈಗೆ ಸಿಗುವುದಿಲ್ಲ ಅನ್ನಿ. ಬಾಗಿಲು ಬಳುಕುವುದಂತೂ ನಿಂತಿತು.

ಅಂಟಿನ ವಿಷಯದಲ್ಲಿ ಒಂದು ಥರ್ಮೋಕೋಲ್ ಹಾಳೆ ಬಲಿಯಾಯಿತು. ಚಪ್ಪಲಿ, ಸೋಫಾಗೆ ಬಳಸುವ ರಬ್ಬರ್ ಅಂಟು ಬಳಿದೆ. ನೋಡನೋಡುತ್ತಲೇ ಥರ್ಮೋಕೋಲ್ ಬೆಲ್ಲದ ಪಾಕದ ಹಾಗೆ ಕುಸಿಯಿತು. ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್; ಅಂಥ ಅಂಟಿನಲ್ಲಿರುವ ದ್ರಾವಕ ಅದನ್ನು ಕರಗಿಸುತ್ತದೆ. ಮರಗೆಲಸದ ಬಿಳಿ ಅಂಟು ನೀರಿನದ್ದು, ಏನೂ ಮಾಡುವುದಿಲ್ಲ. ಅದನ್ನೇ ಬಳಿದು, ಮೇಲೆ ಸಕ್ಕರೆ ಮೂಟೆ ಹೇರಿ ಒಂದು ರಾತ್ರಿ ಬಿಟ್ಟೆವು. ಮಂಡ್ಯದಲ್ಲಿ ಸಕ್ಕರೆಗೆ ಬರವೇ?

ಥರ್ಮೋಕೋಲಿನಲ್ಲಿ ಶೇಕಡಾ 98ರಷ್ಟು ಬರೀ ಗಾಳಿ. ಪುಟ್ಟ ಪುಟ್ಟ ಗುಳ್ಳೆಗಳಲ್ಲಿ ಸಿಕ್ಕಿಕೊಂಡು ಅತ್ತಿತ್ತ ಓಡಾಡಲಾಗದ ಗಾಳಿ. ಐಸ್ ಗಡ್ಡೆಗೆ ಮರದ ಹೊಟ್ಟು ಸುರಿದು ಗೋಣಿ ಹೊದಿಸುತ್ತಾರಲ್ಲ, ಅಲ್ಲಿರುವುದೂ ಇದೇ ಉಪಾಯ. ಒಳಗೂ ಹೊರಗೂ 10 ಡಿಗ್ರಿ ವ್ಯತ್ಯಾಸ ಇದ್ದರೆ, ನಮ್ಮ ಮೊದಲ ಒಂಟಿ ಹಲಗೆಯ ಮೂಲಕ ಸುಮಾರು 26 ವ್ಯಾಟ್ ಶಾಖ ದಾಟುತ್ತಿತ್ತು. ಬಾಗಿಲ ತುಂಬಾ ಥರ್ಮೋಕೋಲೇ ಇದ್ದಿದ್ದರೆ 6 ವ್ಯಾಟ್.

ಆದರೆ ತುಂಬಾ ಥರ್ಮೋಕೋಲೇ ಇರಲು ಸಾಧ್ಯವಿಲ್ಲ, ಅಲ್ವಾ? ಕೀಲಿನ ಸ್ಕ್ರೂ ಕಚ್ಚಿಕೊಳ್ಳಲು ಸುತ್ತಲೂ ಮರ ಬೇಕು. ನಾವು ಎರಡು ಇಂಚು ಅಗಲದ ರೀಪರ್, ಅಂದರೆ ಮರದ ಪಟ್ಟಿ, ಕೂರಿಸಿದೆವು. ಎರಡೇ ಇಂಚು ತಾನೇ ಅಂದುಕೊಂಡು ಲೆಕ್ಕ ಹಾಕಿದರೆ, ನಾಲ್ಕೂ ಬದಿ ಸೇರಿ ಬಾಗಿಲಿನ ಕಾಲು ಭಾಗ ಅದೇ! ಮರ ಥರ್ಮೋಕೋಲಿಗಿಂತ ಮೂರು ನಾಲ್ಕು ಪಟ್ಟು ಸುಲಭವಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಬಾಗಿಲಿನಿಂದ ದಾಟುವ ಒಟ್ಟು 8 ವ್ಯಾಟಿನಲ್ಲಿ ಹತ್ತಿರ ಹತ್ತಿರ ಅರ್ಧ ಈ ಕಾಲು ಭಾಗದಿಂದಲೇ ಹೋಗುತ್ತದೆ. ಥರ್ಮೋಕೋಲ್ ಇನ್ನೂ ದಪ್ಪ ಹಾಕೋಣ ಅಂತ ನಾನು ವಾದ ಮಾಡುತ್ತಿದ್ದೆ. ದಡ್ಡತನ. ನೋಡಬೇಕಾಗಿದ್ದದ್ದು ಅಂಚನ್ನು.

ಅಂಚಿನಲ್ಲಿ ಸಂದು ಬೇರೆ ಇತ್ತು. ಬಾಗಿಲಿನ ಸುತ್ತಳತೆ ಮೂರು ಮೀಟರ್. ಒಂದೇ ಮಿಲಿಮೀಟರ್ ಸಂದು ಬಿಟ್ಟರೂ ಒಟ್ಟು 30 ಚದರ ಸೆಂಟಿಮೀಟರ್, ಅಂದರೆ ಕಾಫಿ ಲೋಟದ ಬಾಯಿಯಷ್ಟು ತೂತು. "ಫ್ರಿಜ್ ಬಾಗ್ಲು ನೋಡಿದ್ದೀರಾ ಸ್ವಾಮಿ?" ಅಂದರು ನಮ್ಮ ಬಡಗಿ ಆಚಾರ್ರು. ದಾರಂದಕ್ಕೆ ಮೆತ್ತನೆಯ ಟೊಳ್ಳು ರಬ್ಬರ್ ಬೀಡಿಂಗ್ ಅಂಟಿಸಿದರು. ಬಾಗಿಲು ಹಾಕಿದಾಗ ಅದು ತುಸು ಅಮುಕಿಕೊಳ್ಳಬೇಕು, ಪೂರ್ತಿ ಅಪ್ಪಚ್ಚಿ ಆಗಬಾರದು.

ಸಂದೆಲ್ಲ ಮುಚ್ಚಿ ಖುಷಿಪಟ್ಟೆವು. ಚಿಲಕ ಬೆವರಿದ್ದು ಆಮೇಲೆ. ಮಲಗಿದ ಇಬ್ಬರ ಉಸಿರು ಮತ್ತು ಮೈಯಿಂದ ಒಂದು ರಾತ್ರಿಗೆ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. 20 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇಕಡಾ 70 ಇದ್ದರೆ, 14 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಅದು ಹನಿಯಾಗುತ್ತದೆ. ನಮ್ಮ ಚಿಲಕದ ಬೋಲ್ಟು ಹೊರಗಿನಿಂದ ಒಳಗಿನವರೆಗೆ ತೂರಿ ಬಂದಿತ್ತು. ಕಬ್ಬಿಣ ಥರ್ಮೋಕೋಲಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಸಾಗಿಸುತ್ತದೆ. ಹೊರಗಿನ ಚಳಿ ಆ ಒಂದು ಬೋಲ್ಟು ಹಿಡಿದು ನೇರವಾಗಿ ನಮ್ಮ ಹಾಸಿಗೆಗೇ ಬಂದಿತ್ತು.

ಆಚಾರ್ರು ಬೋಲ್ಟು ಕಿತ್ತು ಹಾಕಿದರು. ಹಳೇ ತೊಟ್ಟಿ ಮನೆಗಳಲ್ಲಿ ಇರುತ್ತಿತ್ತಲ್ಲ, ಅಂಥ ಮರದ ಅಗುಳಿಯನ್ನು ಹಲಸಿನ ತುಂಡಿನಲ್ಲಿ ಕೆತ್ತಿ ಒಳಗಡೆ ಕೂರಿಸಿದರು. ಹೊರಗಿನ ಬೀಗಕ್ಕೆ ಬೇರೆಯದೇ ಪುಟ್ಟ ಕೊಂಡಿ, ಆ ಸ್ಕ್ರೂಗಳು ಮರದ ಅರ್ಧಕ್ಕೇ ನಿಲ್ಲುತ್ತವೆ.

ಜನವರಿಯಲ್ಲಿ ಮತ್ತೆ ಹೋದೆವು. ಬೆಳಿಗ್ಗೆ ಎದ್ದು ಮೊದಲು ಅಗುಳಿ ಮುಟ್ಟಿ ನೋಡಿದೆ. ಒಣಗಿತ್ತು. ಕಿಟಕಿ ಗಾಜಿನಿಂದ ನೀರು ಇಳಿಯುತ್ತಿತ್ತು. ಅರ್ಧ ಲೀಟರ್ ಎಲ್ಲಾದರೂ ಹೋಗಬೇಕಲ್ಲ. ಈಗ ಸೂರಿನ ಗಾಳಿಕಿಂಡಿಯನ್ನು ಎರಡು ಬೆರಳಿನಷ್ಟು ತೆರೆದಿಟ್ಟು, ಒಂದು ಕಂಬಳಿ ಜಾಸ್ತಿ ಹೊದ್ದು ಮಲಗುತ್ತೇವೆ.